ಗಾಜಿನ ತೋಟದಲ್ಲಿ ಏಕಸದಸ್ಯ ಆಯೋಗ

ಗಾಜಿನ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಇಪ್ಪತ್ತೆಂಟು ವರ್ಷದಿಂದ ನಮ್ಮ ಮನೆಯ ಒಲೆ ಉರಿಯುತ್ತಿರುವುದೇ ಊರಿನವರ ಕಿಟಕಿ ಗಾಜು ಒಡೆಯುವುದರಿಂದ. ಗಾಳಿ ಜೋರಾಗಿ ಬೀಸಿದರೆ ಊರೆಲ್ಲ ಬೈಯುತ್ತದೆ, ನಾನೊಬ್ಬ ಕೈಮುಗಿಯುತ್ತೇನೆ. ಆಟದ ಮೈದಾನದ ಎದುರಿಗೇ ಅಂಗಡಿ ಹಾಕಿದ್ದು ಕೂಡ ದೂರಾಲೋಚನೆಯಿಂದಲೇ. (ಚೆಂಡು ಎಲ್ಲೆಂದರಲ್ಲಿ ಹೊಡೆಯುವವರನ್ನು ನಾನು ಬೈದದ್ದನ್ನು ಈವರೆಗೆ ಯಾರೂ ಕೇಳಿಲ್ಲ.) ಆದರೆ ಗಾಜು ಅಂದಮೇಲೆ ಅದಕ್ಕೊಂದು ಮರ್ಯಾದೆ ಬೇಡವೇ? ಚಪ್ಪಟೆಯಾಗಿರಬೇಕು. ನಾಲ್ಕು ಮೂಲೆ ಇರಬೇಕು. ಅಲ್ಲಿ ಗಾಜಿದೆ ಅನ್ನುವುದೇ ಗೊತ್ತಾಗದಷ್ಟು ತಿಳಿಯಾಗಿರಬೇಕು. ಸೊಟ್ಟ ಗಾಜು ಅಂದರೆ ನನ್ನ ಲೆಕ್ಕದಲ್ಲಿ ತಪ್ಪು ಮಾಡಿದ ಗಾಜು.

ಹೀಗೆ ನಂಬಿಕೊಂಡು ನೆಮ್ಮದಿಯಾಗಿದ್ದ ನನ್ನ ಎದುರಿಗೆ, ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ, ನನ್ನ ಮಗಳು ತಟ್ಟೆಯಿಂದ ತಲೆ ಎತ್ತದೆ ಹೇಳಿದಳು: "ಅಪ್ಪ, ನಾನು ಗಾಜು ಊದೋದು ಕಲೀಬೇಕು."

"ಊದೋದಕ್ಕೆ ಅದೇನು ಪೀಪಿನಾ?" ಅಂದೆ.

"ಕುಲುಮೆಯಲ್ಲಿ ಕರಗಿಸಿ, ಕೊಳವೆಯಿಂದ ಊದಿ ಆಕಾರ ಕೊಡ್ತಾರಪ್ಪ. ಹೂವು, ಬಳ್ಳಿ, ಏನು ಬೇಕಾದ್ರೂ ಮಾಡಬಹುದು."

"ಹೂವು ಗಿಡದಲ್ಲಿ ಬಿಡುತ್ತೆ. ಅದಕ್ಕೆ ಕುಲುಮೆ ಯಾಕೆ?"

ಮುಂದಿನದನ್ನು ಅವಳಮ್ಮ ಹೇಳಿದಳು. ಒಂದು ಹಗಲು ರೈಲು ಪ್ರಯಾಣದಷ್ಟು ದೂರದ ಊರಿನಲ್ಲಿ ಬಿಸಿನಾಡಿನ ಗಿಡಗಳ ಒಂದು ದೊಡ್ಡ ತೋಟವಿದೆಯಂತೆ. ಅದಕ್ಕೆ ಅಂಟಿಕೊಂಡೇ ಗಾಜಿನ ಕುಲುಮೆ. ಅದನ್ನು ನಡೆಸುವ ಹೆಂಗಸು ಈಗ ತೋಟದ ತುಂಬ ತನ್ನ ಗಾಜಿನ ಕೆಲಸವನ್ನು ಪ್ರದರ್ಶನಕ್ಕೆ ಇಟ್ಟಿದ್ದಾರೆ. ವರ್ಷಕ್ಕೆ ಒಬ್ಬರನ್ನೋ ಇಬ್ಬರನ್ನೋ ಶಿಷ್ಯರಾಗಿ ಸೇರಿಸಿಕೊಳ್ಳುತ್ತಾರೆ. ಅಲ್ಲೇ ಇದ್ದು ಒಂದು ವರ್ಷ ಕಲಿಯಬೇಕು. ಮಗಳನ್ನು ಬಂದು ಮುಖ ತೋರಿಸಲು ಕರೆದಿದ್ದಾರೆ. ಅರ್ಜಿಗೆ ಮನೆಯ ಹಿರಿಯರ ಸಹಿ ಬೇಕು.

"ಆಗಲ್ಲ," ಅಂದೆ.

ಇಲ್ಲಿ ಓದುಗರ ಹತ್ತಿರ ಮುಚ್ಚುಮರೆ ಬೇಡ. ನನ್ನ ಮಗಳು ಇಪ್ಪತ್ತು ವರ್ಷದವಳು. ಹತ್ತು ವರ್ಷದಿಂದ ಅಂಗಡಿಯಲ್ಲಿ ನನ್ನ ಪಕ್ಕದಲ್ಲಿ ನಿಂತವಳು. ನಾನು ಟೇಪು ಹಿಡಿದು ಎರಡೆರಡು ಸಲ ಅಳೆಯುವುದನ್ನು ಅವಳು ಕಣ್ಣಲ್ಲೇ ಅಳೆದು ಹೇಳುತ್ತಾಳೆ. ಅವಳು ಕಟರ್ ಎಳೆದರೆ ಆ ಸದ್ದಿನಲ್ಲೇ ಗೊತ್ತಾಗುತ್ತದೆ, ಗಾಜು ಹೇಳಿದ ಮಾತು ಕೇಳುತ್ತದೆ ಅಂತ. ಅವಳಿಲ್ಲದ ಅಂಗಡಿಯನ್ನು ನೆನೆಸಿಕೊಂಡರೆ ನನಗೆ ಎದೆ ಧಸಕ್ಕೆನ್ನುತ್ತಿತ್ತು. ಆದರೆ ಇದನ್ನು ಬಾಯಿಬಿಟ್ಟು ಹೇಳುವ ಅಪ್ಪ ಯಾವನಿದ್ದಾನೆ? ಆದ್ದರಿಂದ ನಾನು ಮಗಳನ್ನು ಬಿಟ್ಟು ಗಾಜನ್ನು ಬೈದೆ. ಸೊಟ್ಟ ಗಾಜು, ನಿಷ್ಪ್ರಯೋಜಕ ಗಾಜು, ಗಾಳಿ ತಡೆಯದ ಗಾಜು ಎಂದು ಎರಡು ದಿನ ಬೈದೆ. ಮಗಳು ಎದುರು ಮಾತಾಡಲಿಲ್ಲ. ಅಂಗಡಿಗೆ ಬಂದಳು, ಕೆಲಸ ಮಾಡಿದಳು, ಮನೆಗೆ ಹೋದಳು. ಬೈದರೆ ತಿರುಗಿ ಬೈಯುವ ಮಕ್ಕಳೇ ಎಷ್ಟೋ ವಾಸಿ.

ಮೂರನೆಯ ದಿನ ನನಗೊಂದು ಭರ್ಜರಿ ಉಪಾಯ ಹೊಳೆಯಿತು. ಸುಮ್ಮನೆ ಬೇಡ ಅಂದರೆ ಅಪ್ಪ ಹಟಮಾರಿ ಅನ್ನುತ್ತಾರೆ. ಹೋಗಿ, ನೋಡಿ, ತಪ್ಪುಗಳನ್ನು ಪಟ್ಟಿ ಮಾಡಿಕೊಂಡು ಬಂದು ಬೇಡ ಅಂದರೆ ಅದು ವಿಚಾರಣೆ ನಡೆಸಿ ಕೊಟ್ಟ ತೀರ್ಪು! ಹೀಗಾಗಿ ನನ್ನದೇ ಘನ ಅಧ್ಯಕ್ಷತೆಯಲ್ಲಿ ಒಂದು ಏಕಸದಸ್ಯ ಆಯೋಗವನ್ನು ನಾನೇ ನೇಮಿಸಿದೆ. ಕಲಾಪ ದಾಖಲಿಸಲು ಒಂದು ಚಿಕ್ಕ ನೋಟ್ ಪುಸ್ತಕವನ್ನೂ ಕೊಂಡೆ.

"ಪ್ರದರ್ಶನ ಕಣ್ಣಾರೆ ನೋಡ್ತೀನಿ. ಆಮೇಲೆ ಹೂಂ ಅಂತೀನೋ ಊಹೂಂ ಅಂತೀನೋ ನನ್ನಿಷ್ಟ," ಎಂದು ಘೋಷಿಸಿದೆ.

"ನೀವು ಹೇಳೋದು ಸರಿ ರೀ," ಅಂದಳು ಹೆಂಡತಿ.

ಇಪ್ಪತ್ತಾರು ವರ್ಷದ ದಾಂಪತ್ಯದಲ್ಲಿ ಈ ವಾಕ್ಯವನ್ನು ಅವಳ ಬಾಯಿಂದ ನಾನು ಕೇಳಿದ್ದು ಅದು ಮೂರನೆಯ ಸಲ. ಹಿಂದಿನ ಎರಡು ಸಲವೂ ಕೊನೆಗೆ ಕ್ಷಮೆ ಕೇಳಿದವನು ನಾನೇ. ಆದರೂ ಬುದ್ಧಿ ಬರಲಿಲ್ಲ ನೋಡಿ.

"ಆದ್ರೆ ಒಂದು ಮಾತು," ಅಂದಳು. "ಮದುವೆಯಾದ ಮೇಲೆ ನಾವು ಮೂರು ದಿನ ಅಂತ ಊರು ಬಿಟ್ಟು ಹೋಗ್ತಿರೋದು ಇದೇ ಮೊದಲು. ಅಲ್ಲಿ ಯಾರ ಕಿಟಕೀನೂ ಮುಟ್ಟಬಾರದು."

"ನಾನ್ಯಾಕೆ ಮುಟ್ಟಲಿ?"

"ನನ್ನ ತಂಗಿ ಮದುವೇಲಿ ಮುಹೂರ್ತದ ಹೊತ್ತಿಗೆ ಎಲ್ಲಿದ್ರಿ ನೀವು?"

(ಛತ್ರದ ಬಚ್ಚಲಿನ ಕಿಟಕಿಯ ಗಾಜು ಸಡಿಲವಾಗಿತ್ತು. ಅದು ನನ್ನ ತಪ್ಪೇ?)

ಹೊರಡುವ ಮುಂಚೆ ನನ್ನ ಚೀಲ ತಪಾಸಣೆಯಾಯಿತು. ಟೇಪು ಹೋಯಿತು, ಕಟರ್ ಹೋಯಿತು, ಇಕ್ಕಳ ಹೋಯಿತು, ಗಾಜಿನ ಅಂಚಿಗೆ ಪುಟ್ಟಿ ಮೆತ್ತುವ ಚಪ್ಪಟೆ ಚಾಕು ಹೋಯಿತು. ಕೊನೆಗೆ ಎರಡು ಶರ್ಟು, ಒಂದು ಟವೆಲ್ಲು, ಮತ್ತು ನಾನು ಉಳಿದೆವು.

ರೈಲಿನಲ್ಲಿ ನಮ್ಮ ಕಿಟಕಿಯ ಗಾಜು ದಾರಿಯುದ್ದಕ್ಕೂ ಗಡಗಡ ಅನ್ನುತ್ತಿತ್ತು. ಐದು ತಾಸು ತಡೆದುಕೊಂಡೆ. ಆರನೆಯ ತಾಸಿಗೆ ಹೆಂಡತಿ ತೂಕಡಿಸುತ್ತಿದ್ದಾಗ ಟಿಕೆಟ್ಟನ್ನು ನಾಲ್ಕು ಮಡಿಕೆ ಮಡಿಸಿ ಸಂದಿಗೆ ತುರುಕಿದೆ. ಗಾಜು ಗಪ್‌ಚುಪ್. ಅದೇ ಹೊತ್ತಿಗೆ ಟಿಕೆಟ್ ನೋಡುವವರು ಬಂದರು. ಉಳಿದದ್ದನ್ನು ವಿವರಿಸುವುದಿಲ್ಲ.

ಮರುದಿನ ಬೆಳಿಗ್ಗೆ ತೋಟಕ್ಕೆ ಹೋದೆವು. ಹೊರಗೆ ತಂಪು, ಒಳಗೆ ಸೆಕೆ. ಇಡೀ ತೋಟವೇ ಒಂದು ಭಾರಿ ಗಾಜಿನ ಮನೆಯೊಳಗಿತ್ತು. ಬಾಗಿಲು ದಾಟಿದ ತಕ್ಷಣ ನನ್ನ ಕನ್ನಡಕಕ್ಕೆ ಹಬೆ ಕೂತು ಲೋಕವೇ ಮಾಯವಾಯಿತು. ಹತ್ತು ಹೆಜ್ಜೆ ತಡವರಿಸಿ ಯಾರದೋ ತೋಳು ಹಿಡಿದುಕೊಂಡೆ. ಒರೆಸಿ ನೋಡಿದರೆ ಅದು ಬಾಳೆ ಗಿಡ.

ಒಳ್ಳೆಯ ತೋಟ, ಅದನ್ನು ಅಲ್ಲಗಳೆಯುವುದಿಲ್ಲ. ಆಳೆತ್ತರದ ಜರೀಗಿಡಗಳು, ಛತ್ರಿಯಷ್ಟಗಲದ ಎಲೆಗಳು, ಮರಕ್ಕೆ ಸುತ್ತಿಕೊಂಡ ಬಳ್ಳಿಗಳು, ಎಲ್ಲಿಂದಲೋ ತೊಟ್ಟಿಕ್ಕುವ ನೀರು. ಈ ಹಸಿರಿನ ನಡುನಡುವೆ ಗಾಜು. ಬಾಳೆಯ ಬುಡದಿಂದ ಕೆಂಪು ಕೆಂಪು ಕೋಡುಗಳು ಎದ್ದಿದ್ದವು. ಕೊಳದಲ್ಲಿ ನೀಲಿ ಗುಂಡುಗಳು ತೇಲುತ್ತಿದ್ದವು. ಒಂದು ಕಡೆ ಹಳದಿ ಹೂಗಳು, ಒಂದೊಂದೂ ತಟ್ಟೆಯಷ್ಟು ದೊಡ್ಡವು, ನಿಜವಾದ ಹೂವಿನ ಪಕ್ಕದಲ್ಲೇ ಅರಳಿಕೊಂಡು ನಿಜವಾದದ್ದನ್ನೇ ನಾಚಿಸುತ್ತಿದ್ದವು. ಒಂದಕ್ಕೂ ಮೂಲೆ ಇಲ್ಲ.

ಆಯೋಗ ಕೆಲಸ ಶುರು ಮಾಡಿತು. ನೋಟ್ ಪುಸ್ತಕ ತೆಗೆದು ಬರೆದೆ: "ಒಂದು, ಆಚೆ ಕಡೆ ಏನಿದೆ ಅಂತ ಕಾಣುವುದಿಲ್ಲ. ಎರಡು, ಗಾಳಿ ತಡೆಯುವುದಿಲ್ಲ. ಮೂರು, ಧೂಳು ಒರೆಸುವವರು ಯಾರು?"

ಭುಜದ ಮೇಲಿಂದ ಇಣುಕಿದ ಹೆಂಡತಿ, "ಮೂರನೇದು ಮಾತ್ರ ಒಪ್ತೀನಿ," ಅಂದಳು.

ಮಗಳು ನಮ್ಮಿಂದ ಮುಂದೆ ಹೋಗಿದ್ದಳು. ಕೊಳದ ಅಂಚಿನಲ್ಲಿ ಮಂಡಿಯೂರಿ ಒಂದು ನೀಲಿ ಗುಂಡನ್ನು ನೋಡುತ್ತಿದ್ದಳು. ನಾನು ಹತ್ತಿರ ಹೋದಾಗ, ತಿರುಗದೆಯೇ ಮೆಲ್ಲಗೆ ಹೇಳಿದಳು: "ನೋಡಪ್ಪ, ಒಳಗೊಂದು ಬಿಳಿ ಎಳೆ ಸುತ್ಕೊಂಡು ಹೋಗಿದೆ. ಗಾಜು ಇನ್ನೂ ಮೆತ್ತಗಿರೋವಾಗಲೇ ಎಳೆ ಅಂಟಿಸಿ ತಿರುಚಿದಾರೆ. ಒಂದು ಕ್ಷಣ ತಡವಾಗಿದ್ರೂ ಸೀಳಿ ಹೋಗ್ತಿತ್ತು."

ಗುಂಡಿನ ಬೆಳಕು ಅವಳ ಮುಖದ ಮೇಲೆ ನೀಲಿಯಾಗಿ ಅಲುಗುತ್ತಿತ್ತು. ಅಂಗಡಿಯಲ್ಲಿ ಹತ್ತು ವರ್ಷ ನೋಡಿದ ಮುಖವೇ. ಆದರೆ ಆ ಮುಖದಲ್ಲಿ ಅಷ್ಟು ಸಂತೋಷ ನಾನು ಕಂಡಿರಲಿಲ್ಲ. ಆಯೋಗದ ಅಧ್ಯಕ್ಷರು ಭಾವೋದ್ವೇಗಕ್ಕೆ ಒಳಗಾಗಬಾರದು ಎಂದು ನನಗೆ ನಾನೇ ಹೇಳಿಕೊಂಡು ಕತ್ತು ಮೇಲೆತ್ತಿದೆ.

ಮೇಲೆ ಚಾವಣಿ. ಆಹಾ! ಅಲ್ಲಿತ್ತು ನಿಜವಾದ ಗಾಜು. ಚಪ್ಪಟೆ, ನಾಲ್ಕು ಮೂಲೆ, ಕಬ್ಬಿಣದ ಪಟ್ಟಿಗಳ ನಡುವೆ ಸಾಲು ಸಾಲಾಗಿ ಕೂತ ಮರ್ಯಾದಸ್ಥ ಗಾಜು. ಪರವೂರಿನ ಸಂತೆಯಲ್ಲಿ ನಮ್ಮ ಬೀದಿಯವರು ಸಿಕ್ಕಷ್ಟು ಹಿತವಾಯಿತು. ಅಲ್ಲಿಂದ ಮುಂದೆ ಆಯೋಗ ಕೆಳಗೆ ನೋಡಲೇ ಇಲ್ಲ. ಸಾಲು ಸಾಲು ನೋಡುತ್ತಾ ಹೋದವನು, ಬಾಗಿಲ ಬಳಿಯ ತಗ್ಗು ಚಾವಣಿಯ ಕೆಳಗೆ ಗಕ್ಕನೆ ನಿಂತೆ. ಮೂರನೆಯ ಸಾಲಿನಲ್ಲಿ ಒಂದು ಗಾಜು ನಾಲ್ಕು ಬೆರಳಷ್ಟು ಕೆಳಕ್ಕೆ ಜಾರಿತ್ತು. ಮೂಲೆ ಮುರಿದಿತ್ತು. ಪುಟ್ಟಿ ಒಣಗಿ ಉದುರಿತ್ತು. ಅದರ ನೇರ ಕೆಳಗೆ, ಇಡೀ ಪ್ರದರ್ಶನದ ಪಟ್ಟದಾನೆ ಅನ್ನುವಂಥ ಒಂದು ಗಾಜಿನ ಬಳ್ಳಿ, ನೂರಾರು ಎಲೆಗಳದ್ದು.

ಸೊಂಟಕ್ಕೆ ಕೈಕೊಟ್ಟು ಮೇಲೆ ನೋಡುತ್ತ ನಿಂತೆ. ಎಷ್ಟು ಹೊತ್ತಾಯಿತೋ, ಪಕ್ಕದಲ್ಲಿ ಕ್ಯಾಮೆರಾ ಹಿಡಿದ ಒಬ್ಬ ಹಿರಿಯರು ಬಂದು ನಿಂತರು.

"ಮೇಲೂ ಇಟ್ಟಿದಾರಾ ಸಾರ್?"

"ಅದೇ, ಮೂರನೇ ಸಾಲು, ಎಡದಿಂದ ಐದನೇದು. ಜಾರಿದೆ ನೋಡಿ."

"ಓಹೋ!" ಎಂದು ಅವರು ಪಟಪಟ ನಾಲ್ಕು ಫೋಟೋ ತೆಗೆದರು. ಅವರನ್ನು ನೋಡಿ ಇನ್ನಿಬ್ಬರು ಬಂದರು. ಅವರನ್ನು ನೋಡಿ ಒಂದು ಪ್ರವಾಸಿ ತಂಡವೇ ಬಂತು. ಐದು ನಿಮಿಷದಲ್ಲಿ ಮೂವತ್ತು ನಲವತ್ತು ಜನ ಆ ಗಾಜಿನ ಬಳ್ಳಿಗೆ ಬೆನ್ನು ತಿರುಗಿಸಿ, ಕತ್ತು ಎತ್ತಿ, ಮುರಿದ ಮೂಲೆಯನ್ನು ದಿಟ್ಟಿಸುತ್ತಿದ್ದರು.

"ಇದರ ಅರ್ಥ ಏನು?" ಎಂದು ಒಬ್ಬ ಹೆಂಗಸು ಪಿಸುಗುಟ್ಟಿದಳು.

"ಅರ್ಥ ಏನಮ್ಮ, ಬಿದ್ರೆ ತಲೆ ಒಡೆಯುತ್ತೆ ಅಂತ ಅರ್ಥ," ಅಂದೆ.

"ಎಷ್ಟು ಆಳವಾಗಿದೆ!" ಅಂದಳು ಅವಳು.

ಗುಂಪು ಸೇರಿದ್ದನ್ನು ಕಂಡು ತೋಟದ ಉಸ್ತುವಾರಿ ಬೆವರು ಒರೆಸಿಕೊಳ್ಳುತ್ತ ಓಡಿ ಬಂದ. ನನ್ನ ಬೆರಳಿನ ಜಾಡು ಹಿಡಿದು ಮೇಲೆ ನೋಡಿದ. ಮುಖ ಬಿಳಿಚಿಕೊಂಡಿತು. ಜನರನ್ನು ಆಚೆಗೆ ಸರಿಸಿ ಹಗ್ಗ ಕಟ್ಟಿಸಿದ. ಹೊಸ ಗಾಜು ತಂದು ಎರಡು ತಿಂಗಳಾಯಿತಂತೆ. ನೀರಿನ ಕೊಳವೆ ಅಡ್ಡ ಬರುವುದರಿಂದ ಒಂದು ಮೂಲೆಯನ್ನು ಕಮಾನಿನ ಹಾಗೆ ಕತ್ತರಿಸಬೇಕು. ಕತ್ತರಿಸುವವನು ನಾಳೆ ನಾಡಿದ್ದು ಅನ್ನುತ್ತಲೇ ಇದ್ದಾನಂತೆ.

"ನಾಳೆ ಬರ್ತೀನಿ ಅಂದವನು ಗಾಜಿನವನೇ ಅಲ್ಲ," ಎಂದು ನಾನು ಕಿಡಿಕಾರಿದೆ. (ನಮ್ಮ ಮನೆಯ ಅಡುಗೆಮನೆಯ ಕಿಟಕಿಗೆ ಏಳು ವರ್ಷದಿಂದ ರಟ್ಟು ಅಂಟಿಸಿರುವ ವಿಷಯವನ್ನು ಹೆಂಡತಿ ಆ ಕ್ಷಣದಲ್ಲಿ ಎತ್ತಲಿಲ್ಲ. ಅದೂ ಸಂಶಯಾಸ್ಪದವೇ.)

ಅಷ್ಟರಲ್ಲಿ ಬಂದರು, ಕುಲುಮೆ ಮೇಡಂ. ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಬೆಳ್ಳಿಕೂದಲು, ಮೊಣಕೈವರೆಗೆ ಸುಟ್ಟ ಕಲೆಗಳು, ಚರ್ಮದ ಮುಂಗವಚ. ಮಗಳಿಗೆ ಕೊಟ್ಟ ಹೊತ್ತು ಆಗಿತ್ತು. ಅವಳು ನಮಸ್ಕಾರ ಮಾಡಿ ಎದುರಿಗೆ ನಿಂತಳು. ನಾನೂ ಗಂಟಲು ಸರಿಮಾಡಿಕೊಂಡು, ನೋಟ್ ಪುಸ್ತಕ ಬಿಚ್ಚಿ, ತೀರ್ಪು ಓದಲು ಸಿದ್ಧನಾದೆ.

ಮೇಡಂ ಮಗಳ ಅಂಗೈ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಕಿಟಕಿ ಗಾಜಿನ ಕೆಲಸ ಅಲ್ವಾ ನಿಮ್ಮದು?"

"ಹೌದು ಮೇಡಂ."

"ಹಾಗಾದ್ರೆ ಕಷ್ಟ. ಕಿಟಕಿ ಗಾಜಿನವರಿಗೆ ನೇರ ಗೆರೆ ಬಿಟ್ಟು ಬೇರೇನೂ ಗೊತ್ತಿರಲ್ಲ. ಆ ಕೈ ನಮ್ಮ ಕುಲುಮೆಗೆ ಒಗ್ಗಲ್ಲ. ತಗೋಳಕ್ಕಾಗಲ್ಲಮ್ಮ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ನಾನು ಹೇಳಬೇಕಾಗಿದ್ದ ಬೇಡವನ್ನು ಅವರೇ ಹೇಳಿಬಿಟ್ಟರು. ನನ್ನ ಮೇಲೆ ಕೂದಲೆಳೆಯಷ್ಟೂ ಅಪವಾದವಿಲ್ಲ. ಬುದ್ಧಿ ಇದ್ದವನಾಗಿದ್ದರೆ ಆ ತಾಯಿಗೆ ಕೈಮುಗಿದು, ಮಗಳ ಬೆನ್ನು ತಟ್ಟಿ, ಮುಂದಿನ ರೈಲು ಹತ್ತುತ್ತಿದ್ದೆ.

ಮಗಳು ತನ್ನ ಎರಡು ಕೈಗಳನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಅವನ್ನು ಬೆನ್ನ ಹಿಂದೆ ಇಟ್ಟುಕೊಂಡಳು, ಚಿಕ್ಕವಳಿದ್ದಾಗ ಬೈಸಿಕೊಂಡರೆ ಮಾಡುತ್ತಿದ್ದ ಹಾಗೆಯೇ. ಕಣ್ಣು ತುಂಬಿ ಬಂದಿತ್ತು.

"ಬಿಡಿ ರೀ," ಅಂದಳು ಹೆಂಡತಿ ನನ್ನ ತೋಳು ಹಿಡಿದು. "ದೊಡ್ಡವರು ಹೇಳಿದ ಮೇಲೆ ಸರಿಯಾಗೇ ಇರುತ್ತೆ. ನಮ್ಮ ಹುಡುಗಿಗೆ ಅಷ್ಟೆಲ್ಲ ಎಲ್ಲಿ ಬರುತ್ತೆ? ನಡೀರಿ, ಹೋಗೋಣ."

"ಏನಂದೆ?" ಅಂದೆ.

"ನಮ್ಮ ಹುಡುಗಿಗೆ ಅಷ್ಟೆಲ್ಲ..."

"ಸುಮ್ನಿರು! ರೀ ಮೇಡಂ, ನಿಂತ್ಕೊಳ್ಳಿ. ನೇರ ಗೆರೆ ಬಿಟ್ಟು ಬೇರೇನೂ ಗೊತ್ತಿಲ್ಲ ಅಂದ್ರಾ? ಯಾರಿಗೆ? ನನ್ನ ಮಗಳಿಗಾ? ಅವಳ ಕೈ ನೋಡಿದ್ದೀರಾ ನೀವು?"

"ಈಗ ತಾನೇ ನೋಡಿದೆನಲ್ಲ."

"ಅಂಗೈ ನೋಡಿದ್ರಿ. ಅದನ್ನ ಜ್ಯೋತಿಷಿಗಳೂ ನೋಡ್ತಾರೆ! ಕೆಲಸ ನೋಡಿ. ಏನಯ್ಯ ಉಸ್ತುವಾರಿ, ಎರಡು ತಿಂಗಳಿಂದ ಬಿದ್ದಿದೆ ಅಂದ್ಯಲ್ಲ, ತಗೊಂಡ್ ಬಾ ಆ ಗಾಜು!"

ಗಾಜು ಬಂತು. ಮೇಜು ಬಂತು. ಮೇಜಿನ ಮೇಲೆ ಹಾಸಲು ಕಂಬಳಿ ಬಂತು. ಚದುರಿದ್ದ ಜನ, ಇದೂ ಪ್ರದರ್ಶನದ ಭಾಗವೇ ಇರಬೇಕೆಂದು ಮತ್ತೆ ಗುಂಪು ಕೂಡಿದರು. ಕಟರ್ ಮಾತ್ರ ಇರಲಿಲ್ಲ. ನಾನು ಜೇಬು ತಡಕಿಕೊಳ್ಳುತ್ತಿದ್ದಾಗ ಹೆಂಡತಿ ತನ್ನ ಕೈಚೀಲದಿಂದ ಕಟರನ್ನೂ ಟೇಪನ್ನೂ ತೆಗೆದು ಮೇಜಿನ ಮೇಲಿಟ್ಟಳು. ಇವನ್ನು ಯಾಕೆ ತಂದೆ ಎಂದು ಕೇಳುವಷ್ಟು ವ್ಯವಧಾನ ನನಗೆಲ್ಲಿತ್ತು?

"ಮರಿ," ಅಂದೆ ಮಗಳಿಗೆ. "ಆ ಕೊಳವೆ ನೋಡ್ಕೋ. ಕತ್ತರಿಸು."

ಅವಳು ಕಣ್ಣೊರೆಸಿಕೊಂಡಳು. ಮೇಲೆ ಕೊಳವೆಯನ್ನು ನೋಡಿದಳು, ಕೆಳಗೆ ಗಾಜನ್ನು ನೋಡಿದಳು. ಟೇಪು ಮುಟ್ಟಲಿಲ್ಲ. ಬೆರಳಿನಲ್ಲಿ ಗಾಳಿಯಲ್ಲೇ ಒಂದು ಕಮಾನು ಬರೆದುಕೊಂಡಳು. ಆಮೇಲೆ ಕಟರ್ ಹಿಡಿದು ಒಂದೇ ಉಸಿರಿನಲ್ಲಿ ಎಳೆದಳು. ಸರ್ರ್ ಎಂಬ ಸದ್ದು ಎಲ್ಲೂ ತಡವರಿಸಲಿಲ್ಲ. ಗಾಜಿನ ತಳಕ್ಕೆ ಕಟರಿನ ಹಿಡಿಯಿಂದ ಟಕ್ ಟಕ್ ಟಕ್ ಎಂದು ಗೆರೆಯುದ್ದಕ್ಕೂ ತಟ್ಟುತ್ತ ಹೋದಳು. ಆ ಚೂರು, ಹಣ್ಣಿನ ಸಿಪ್ಪೆ ಬಿಟ್ಟುಕೊಂಡ ಹಾಗೆ, ಅವಳ ಕೈಗೆ ಬಂದು ಕೂತಿತು. ಅಂಚಿನಲ್ಲಿ ಒಂದು ಹಲ್ಲೂ ಇಲ್ಲ.

ಯಾರೋ ಚಪ್ಪಾಳೆ ತಟ್ಟಿದರು. ಮೇಡಂ ಚೂರನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತ ನಿಂತರು. ಅವರಿಗೆ ಮಾತಾಡಲು ನಾನು ಅವಕಾಶ ಕೊಟ್ಟರೆ ತಾನೇ?

"ನೋಡಿದ್ರಾ? ಇದು ನೇರ ಗೆರೆನಾ? ಗೀಚದೆ, ಅಳೀದೆ, ಒಂದೇ ಎಳೆತ! ನನಗೆ ಇಪ್ಪತ್ತೆಂಟು ವರ್ಷದ ಅನುಭವ, ನನಗೇ ಬರಲ್ಲ ಇದು! ಇಂಥ ಕೈನ ಕಿಟಕಿ ಅಳತೆಗೆ ಕಟ್ಟಿಹಾಕಿ ಕೂರಿಸೋದು ಪಾಪ ಅಲ್ವೇನ್ರೀ? ಜೀವನ ಪೂರ್ತಿ ಚೌಕ ಕತ್ತರಿಸ್ತಾ ಇರಬೇಕಾ ಇವಳು? ಗಾಳಿ ತಡೆಯೋಕೆ ರಟ್ಟಿದ್ರೂ ಸಾಕು! ಆ ಕೊಳದಲ್ಲಿರೋ ಗುಂಡಿನೊಳಗೆ ಬಿಳಿ ಎಳೆ ಹೇಗೆ ಸುತ್ತಿದೆ ಅಂತ ಒಂದೇ ನೋಟಕ್ಕೆ ಹೇಳಿದ್ಲು ರೀ ಇವಳು! ಅದನ್ನ ನೋಡೋವಾಗ ಇವಳ ಮುಖ ನೋಡಬೇಕಿತ್ತು ನೀವು. ನಾನು ನೋಡಿದೆ. ಇವಳನ್ನ ತಗೊಳ್ಳದೇ ಇದ್ರೆ ನಷ್ಟ ನಮಗಲ್ಲ, ನಿಮ್ಮ ಕುಲುಮೆಗೆ!"

ಉಸಿರು ತೆಗೆದುಕೊಳ್ಳಲು ನಿಂತೆ. ಆಗ ನನ್ನದೇ ಧ್ವನಿ ನನಗೆ ತಿರುಗಿ ಕೇಳಿಸಿತು. ಕೈಯಲ್ಲಿ ನೋಟ್ ಪುಸ್ತಕ ಇನ್ನೂ ಬಿಚ್ಚಿಕೊಂಡೇ ಇತ್ತು. ಆಯೋಗದ ಅಧ್ಯಕ್ಷರು ಎದುರು ಪಕ್ಷದ ವಕಾಲತ್ತು ವಹಿಸಿ, ವಾದ ಮಾಡಿ, ಕಣ್ಣಲ್ಲಿ ನೀರು ಕೂಡ ಹಾಕಿಕೊಂಡಿದ್ದರು.

ಮಗಳು ನನ್ನನ್ನೇ ನೋಡುತ್ತಿದ್ದಳು. "ಅಪ್ಪ," ಅಂದಳು, ಅಷ್ಟೇ.

"ಸರಿ," ಅಂದರು ಮೇಡಂ, ಬಹಳ ಯೋಚಿಸಿದವರ ಹಾಗೆ. "ನೀವಿಷ್ಟು ಹೇಳ್ತೀರಾ ಅಂದ್ಮೇಲೆ ಸೇರಿಸ್ಕೋತೀನಿ. ಮುಂದಿನ ವಾರದಿಂದ ಬರಲಿ."

ಗೆದ್ದೆ! ಮನಸ್ಸು ಗರಿಗೆದರಿತು. ಏನನ್ನು ಗೆದ್ದೆ ಎನ್ನುವುದು ಹೊಳೆಯುವುದಕ್ಕೆ ಒಂದು ನಿಮಿಷ ಹಿಡಿಯಿತು. ಮಗಳು ಒಂದು ವರ್ಷ ಅಂಗಡಿಯಲ್ಲಿ ಇರುವುದಿಲ್ಲ. ಅದಕ್ಕಾಗಿ ನಾನು ಅಪರಿಚಿತರೊಬ್ಬರ ಜೊತೆ ಜಗಳವಾಡಿ ಗೆದ್ದಿದ್ದೆ. ಅಳಬೇಕೋ ನಗಬೇಕೋ ತಿಳಿಯದ ಗಂಡಸು ಏನು ಮಾಡುತ್ತಾನೆ? ಕೆಲಸ ಹುಡುಕುತ್ತಾನೆ. "ಏಣಿ ತನ್ನಿ, ಗಾಜು ಕೂರಿಸಿಯೇ ಬಿಡ್ತೀನಿ," ಅಂದೆ. ಹೆಂಡತಿ ಬೇಡ ಅನ್ನಲಿಲ್ಲ.

ಏಣಿ ಹತ್ತಿ, ಒಡೆದ ಗಾಜನ್ನು ಬಿಡಿಸಿ ಉಸ್ತುವಾರಿಗೆ ಕೊಟ್ಟೆ. ಹೊಸದನ್ನು ಮಗಳು ಕೆಳಗಿನಿಂದ ಎತ್ತಿ ಕೊಟ್ಟಳು. ನಮ್ಮ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ತೆಗೆದುಕೊಳ್ಳುವವರು "ಹಿಡಿದೆ" ಅನ್ನುವವರೆಗೆ ಕೊಡುವವರು ಗಾಜು ಬಿಡುವ ಹಾಗಿಲ್ಲ. ಎರಡು ಕೈಗೂ ಭಾರ ಬಂತು. ನಾನು ಹಿಡಿದಿದ್ದೆ. ಆದರೆ ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಅವಳು ಬಿಡುತ್ತಾಳಲ್ಲ!

"ಅಪ್ಪ, ಕೈ ನೋಯ್ತಿದೆ," ಅಂದಳು ಕೆಳಗಿನಿಂದ.

"ಹಿಡಿದೆ," ಅಂದೆ. ಬಿಟ್ಟಳು. ಗಾಜು ಕಮಾನಿನ ಮೂಲೆಯ ಸಮೇತ ಕೊಳವೆಯನ್ನು ತಬ್ಬಿಕೊಂಡು ತನ್ನ ಜಾಗದಲ್ಲಿ ಕೂತಿತು.

ಎರಡೂ ಕೈಗೆ ಪುಟ್ಟಿ ಬಳಿದುಕೊಂಡು ಅಂಚಿಗೆ ಮೆತ್ತತೊಡಗಿದೆ. ಅಷ್ಟು ಎತ್ತರದಿಂದ ಆ ತೋಟ ಬೇರೆಯೇ ಕಾಣುತ್ತಿತ್ತು. ಕೆಂಪು ಕೋಡು, ಹಳದಿ ಹೂವು, ನೀಲಿ ಗುಂಡು ಎಲ್ಲಕ್ಕೂ ಮೇಲಿನ ಚಪ್ಪಟೆ ಗಾಜಿನಿಂದಲೇ ಬೆಳಕು ಬೀಳುತ್ತಿತ್ತು. ನಮ್ಮ ಕಡೆಯ ಗಾಜು ದಾರಿ ಬಿಟ್ಟಿದ್ದಕ್ಕೆ ಅವರ ಕಡೆಯ ಗಾಜು ಹೊಳೆಯುತ್ತಿತ್ತು. ಪರವಾಗಿಲ್ಲ, ಚೆನ್ನಾಗಿಯೇ ಮಾಡಿದ್ದಾರೆ ಅನ್ನಿಸಿತು. ಒಂದು ವರ್ಷ ಅಂದರೆ ಎಷ್ಟು ಮಹಾ? ಮಗಳು ಇಂಥದ್ದೊಂದು ಮಾಡಿಟ್ಟರೆ ಅಂಗಡಿಯ ಮುಂಬಾಗಿಲಲ್ಲೇ ಇಡಬಹುದು.

ಗಾಜಿನ ಮನೆಯ ಒಂದು ಗುಣ ನಿಮಗೆ ಗೊತ್ತಿರಲಿಕ್ಕಿಲ್ಲ. ಕೆಳಗೆ ಪಿಸುಗುಟ್ಟಿದರೆ ಮೇಲೆ ಸ್ಪಷ್ಟವಾಗಿ ಕೇಳಿಸುತ್ತದೆ. ಬಾಳೆ ಗಿಡದ ಮರೆಯಲ್ಲಿ ಮೇಡಂ ನನ್ನ ಹೆಂಡತಿಗೆ ಹೇಳುತ್ತಿದ್ದರು: "ನಿಮ್ಮವರು ಕರಗೋಕೆ ಎರಡು ಗಂಟೆ ಬೇಕಾಗುತ್ತೆ ಅಂತ ಬರೆದಿದ್ರಿ. ಮುಕ್ಕಾಲು ಗಂಟೆಗೇ ಆಯ್ತಲ್ಲ!"

"ಇವತ್ತು ಸೆಕೆ ಜಾಸ್ತಿ ಮೇಡಂ, ಬೇಗ ಕಾದ್ರು."

"ಬೇಡ ಅನ್ನೋವಾಗ ನನಗೇ ಅವಳ ಮುಖ ನೋಡೋಕಾಗಲಿಲ್ಲ. ಅವಳು ಕಿಟಕಿ ಗಾಜಲ್ಲೇ ಕತ್ತರಿಸಿ ಕಳಿಸಿದ್ದ ಎಲೆ ನೋಡಿದ ದಿನವೇ ನಾನು ಅವಳ ಹೆಸರು ಬರೆದಿಟ್ಟಿದ್ದೆ."

"ನೀವು ಹೂಂ ಅಂದಿದ್ರೆ ಎಲ್ಲ ಕೆಡ್ತಿತ್ತು. ಇವರು ಆ ಪುಸ್ತಕ ಓದೋಕೆ ಶುರು ಮಾಡ್ತಿದ್ರು."

ಕೆಳಗೆ ಏಣಿ ಹಿಡಿದು ನಿಂತಿದ್ದ ಮಗಳಿಗೂ ಇದು ಕೇಳಿಸಿತ್ತು. "ಅಮ್ಮಾ!" ಎಂದು ಕಿರುಚಿದಳು. "ನನಗೂ ಹೇಳಲಿಲ್ವಲ್ಲ ನೀನು!"

"ನಿನಗೆ ಹೇಳಿದ್ರೆ ನಿನ್ನ ಮುಖದಲ್ಲೇ ಎಲ್ಲ ಕಾಣ್ತಿತ್ತು ಕಣೇ," ಅಂದಳು ಅವಳಮ್ಮ. ಮಗಳು ನಕ್ಕಳು, ಅತ್ತಳು, ಮತ್ತೆ ನಕ್ಕಳು. ಏಣಿ ಅಲುಗಾಡಿತು.

ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಬೆಂಕಿ ಹೊತ್ತಿಕೊಂಡಿತು. ಅಂದರೆ ಆಯೋಗ ನೇಮಕವಾಗುವ ಮೊದಲೇ ತೀರ್ಪು ಅಂಚೆಗೆ ಬಿದ್ದಿತ್ತು! ಏಣಿಯ ಮೇಲಿಂದಲೇ ಗರ್ಜಿಸಿದೆ: "ನಾಟಕ! ನನ್ನನ್ನೇನು ಕೋಲೆಬಸವ ಅಂದ್ಕೊಂಡ್ರಾ? ಎಲ್ಲ ರದ್ದು! ಕಳಿಸಲ್ಲ ನಾನು, ಕಳಿಸಲ್ಲ!"

ನಲವತ್ತು ಜನ ಮತ್ತೆ ಕತ್ತೆತ್ತಿ ಮೇಲೆ ನೋಡಿದರು. ಈ ಸಲ ನೋಡುವುದಕ್ಕೆ ನಾನೇ ಇದ್ದೆ. ಮಗಳ ನಗು ನಿಂತಿತು. ಹೆಂಡತಿ ಹಣೆಗೆ ಕೈ ಅಡ್ಡ ಹಿಡಿದು, ನಿಧಾನವಾಗಿ ತಲೆ ಎತ್ತಿದಳು.

"ಆಯ್ತು ರೀ, ಕಳಿಸ್ಬೇಡಿ," ಅಂದಳು. "ನನಗೂ ಒಳಗೊಳಗೆ ಹೆದರಿಕೆನೇ ಇತ್ತು. ಕುಲುಮೆ ಶಾಖ ನಮ್ಮ ಹುಡುಗಿ ಎಲ್ಲಿ ತಡ್ಕೋತಾಳೆ? ಒಂದು ತಿಂಗಳಿಗೆ ಅಳ್ತಾ ವಾಪಸ್ ಬಂದ್ರೆ ಮೇಡಂಗೆ ಮುಖ ತೋರಿಸೋದು ಹೇಗೆ?"

"ಅಳ್ತಾ ಬರೋಕೆ ಅವಳೇನು ನಿನ್ನ ತವರಿನವಳಾ? ನನ್ನ ಮಗಳು ಕಣೇ ಅವಳು! ಒಂದಲ್ಲ, ಎರಡು ವರ್ಷ ಇದ್ದು ಕಲಿತು ತೋರಿಸ್ತಾಳೆ! ಕೊಡು ಇಲ್ಲಿ ಆ ಅರ್ಜಿ!"

ವಾಕ್ಯ ಅರ್ಧಕ್ಕೆ ಬಂದಾಗಲೇ ನನಗೆ ಗೊತ್ತಾಗಿತ್ತು. ಆದರೆ ಅಷ್ಟು ಎತ್ತರದಲ್ಲಿ ನಿಂತು, ಅಷ್ಟು ಜನರೆದುರು ಶುರು ಮಾಡಿದ ವಾಕ್ಯವನ್ನು ನುಂಗಿಕೊಳ್ಳುವುದಾದರೂ ಹೇಗೆ? ಅರ್ಜಿ ಸರಸರನೆ ಕೈಯಿಂದ ಕೈಗೆ ದಾಟಿ ಏಣಿ ಹತ್ತಿ ಬಂತು. ಮಗಳು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಅವಳ ಮುಖದಲ್ಲಿ ಕೊಳದ ಹತ್ತಿರ ಕಂಡ ಅದೇ ಸಂತೋಷ. ಪೆನ್ನು ಹಿಡಿಯೋಣವೆಂದರೆ ನನ್ನ ಹತ್ತು ಬೆರಳಿಗೂ ಪುಟ್ಟಿ ಮೆತ್ತಿತ್ತು. ಹಿರಿಯರ ಸಹಿ ಎಂದು ಬರೆದಿದ್ದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದೆ.

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಾನು ಹೆಬ್ಬೆಟ್ಟು ಒತ್ತಿದ್ದು ಅದೇ ಮೊದಲು ಎಂದು ಈಗಲೂ ಬಂದವರಿಗೆಲ್ಲ ಹೇಳುತ್ತಿರುತ್ತೇನೆ. "ಕಾಗದದ ಮೇಲೆ ಒತ್ತಿದ್ದು ಅದೇ ಮೊದಲು ಅನ್ನಿ," ಎನ್ನುತ್ತಾಳೆ ಇವಳು.